ದುಂಬರ ಬೆಟ್ಟಸಾಲಿನಲ್ಲಿ ‘ಇವತ್ತು ಬೇಡ’ ಅಂದವರಿಗೆಲ್ಲ ನಮ್ಮ ಕೃತಜ್ಞತೆ

ನಮ್ಮ ಬಳಗದ ದುಂಬರ ಚಾರಣ ಮುಗಿದಿದೆ. ಹೋದವರೆಲ್ಲ ಕೈಕಾಲು ನೆಟ್ಟಗಿಟ್ಟುಕೊಂಡು ಮನೆ ಸೇರಿದ್ದಾರೆ. ಇದಕ್ಕೆ ಕಾರಣರಾದವರ ಋಣವನ್ನು ಎಲ್ಲರೆದುರು ಹೇಳಿಕೊಳ್ಳಬೇಕೆಂದು ಈ ಬರಹ. ಹೆಸರು ಹಾಕುತ್ತಿಲ್ಲ, ಅವರಲ್ಲಿ ಹೆಚ್ಚಿನವರಿಗೆ ಅದು ಬೇಕಾಗಿಯೂ ಇಲ್ಲ. ಅವರು ಕೊಟ್ಟ ತಿಳಿವಳಿಕೆ ಮಾತ್ರ ಮುಂದೆ ಹೋಗುವವರ ಕೈಗೆ ಸಿಗಬೇಕು.

ಶ್ರೀಲಂಕಾದ ನಡುನಾಡಿನಲ್ಲಿ, ಕ್ಯಾಂಡಿ ಮತ್ತು ಮಾತಲೆ ಜಿಲ್ಲೆಗಳಲ್ಲಿ ಹಬ್ಬಿರುವ ದುಂಬರ ಬೆಟ್ಟಸಾಲನ್ನು ಹೊರಗಿನವರು ನಕಲ್ಸ್ ಎಂದು ಕರೆಯುತ್ತಾರೆ. 2010ರಲ್ಲಿ ಯುನೆಸ್ಕೊ ಅಲ್ಲಿನ ಮಧ್ಯ ಮಲೆನಾಡನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಹಾರ್ಟನ್ ಪ್ಲೇನ್ಸ್ ಮತ್ತು ಪೀಕ್ ವೈಲ್ಡರ್‌ನೆಸ್ ಜೊತೆಗೆ ಈ ಕಾಡೂ ಸೇರಿತು. ಆದರೂ ನಮ್ಮ ಕಡೆಯವರು ಸಿಗಿರಿಯ, ನುವರ ಎಲಿಯ, ‘ಎಲ್ಲ’ ಎಂಬ ಊರು ನೋಡಿ ವಿಮಾನ ಹತ್ತಿಬಿಡುತ್ತಾರೆ. ಅತಿ ಎತ್ತರದ ಗೊಂಬನಿಯ ಶಿಖರವೂ 1,906 ಮೀಟರ್ ಅಷ್ಟೆ. ಮುಳ್ಳಯ್ಯನಗಿರಿಗಿಂತ ತುಸು ಕಡಿಮೆ. ಎತ್ತರ ನೋಡಿ ಈ ಬೆಟ್ಟಗಳನ್ನು ಹಗುರಾಗಿ ತೆಗೆದುಕೊಂಡರೆ ಕೆಟ್ಟೆವು. ಇಲ್ಲಿ ಕಷ್ಟ ಕೊಡುವುದು ಮಳೆ, ಹೊಳೆ ಮತ್ತು ಕತ್ತಲು.

ಮೊದಲ ಕೃತಜ್ಞತೆ, ತಿಂಗಳು ಗೊತ್ತುಮಾಡಿಕೊಟ್ಟ, ಬೆಟ್ಟಸಾಲಿನೊಳಗಿನ ಮೀಮುರೆ ಹಳ್ಳಿಯ ರೈತರಿಗೆ. ‘ಕ್ರಿಸ್‌ಮಸ್ ರಜೆಗೆ ಬರುತ್ತೇವೆ’ ಎಂದಾಗ ‘ಬೇಡ’ ಅಂದವರು ಅವರು. ದುಂಬರ ಸಾಲು ಎರಡೂ ಮಳೆಗಾಳಿಗಳಿಗೆ ಅಡ್ಡಲಾಗಿ ನಿಂತಿದೆ. ಮೇ ತಿಂಗಳಿಂದ ಸೆಪ್ಟೆಂಬರಿನವರೆಗೆ ನೈಋತ್ಯದ ಮಳೆ ಪಶ್ಚಿಮದ ಇಳಿಜಾರನ್ನು ತೋಯಿಸುತ್ತದೆ. ಡಿಸೆಂಬರ್, ಜನವರಿಯಲ್ಲಿ ಈಶಾನ್ಯದ ಮಳೆ ಪೂರ್ವದ ಮಗ್ಗುಲಿಗೆ ಹೊಡೆಯುತ್ತದೆ. ನಮ್ಮ ಮಲೆನಾಡಿನವರಿಗೆ ಡಿಸೆಂಬರ್ ಎಂದರೆ ಒಣ ಹವೆ, ಚಾರಣದ ಕಾಲ. ಆ ಲೆಕ್ಕ ಹಿಡಿದುಕೊಂಡು ಅಲ್ಲಿಗೆ ಹೋದವರು ಮಣ್ಣು ಕುಸಿದ ರಸ್ತೆಯಲ್ಲಿ ಸಿಕ್ಕಿಕೊಳ್ಳುತ್ತಾರೆ. ಫೆಬ್ರವರಿ ಮಧ್ಯದಿಂದ ಏಪ್ರಿಲ್ ಮೊದಲ ವಾರದವರೆಗೆ ಒಳ್ಳೆಯದು. ಮಾರ್ಚ್ ಕೊನೆಯಿಂದ ಮಾತ್ರ ಮಧ್ಯಾಹ್ನ ಗುಡುಗು ಸಿಡಿಲು ಶುರುವಾಗುತ್ತದೆ. ಬೆಳಿಗ್ಗೆ ಆಕಾಶ ಎಷ್ಟೇ ತಿಳಿಯಾಗಿದ್ದರೂ ಮಧ್ಯಾಹ್ನ ಒಂದು ಗಂಟೆಗೆ ಮೊದಲೇ ಬೆಟ್ಟದ ನೆತ್ತಿಯಿಂದ ಇಳಿದಿರಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ಪೂರ್ವದ ಕಡೆ ಮಳೆ ಕಡಿಮೆ ನಿಜ, ಆದರೆ ರಿವರ್‌ಸ್ಟನ್ ಕಣಿವೆಯಲ್ಲಿ ಗಾಳಿಗೆ ಎದುರು ನಿಲ್ಲುವುದೇ ಕಷ್ಟ, ಡೇರೆಯ ಮಾತಂತೂ ದೂರ. ಎತ್ತರದ ದಿಬ್ಬಗಳಲ್ಲಿ ಮರಗಳೇ ಈ ಗಾಳಿಗೆ ಆಳೆತ್ತರಕ್ಕಿಂತ ಮೇಲೆ ಬೆಳೆಯದೆ ಕುಗ್ಗಿ ನಿಂತಿವೆ.

ಏಪ್ರಿಲ್ 13, 14 ಸಿಂಹಳ ಮತ್ತು ತಮಿಳು ಹೊಸವರ್ಷ. ಆ ವಾರ ಬಸ್ಸು, ಗೈಡು, ಅಡುಗೆಯವರು ಯಾರೂ ಸಿಗುವುದಿಲ್ಲ, ಸಿಗಬೇಕೆಂದು ಕೇಳುವುದೂ ತಪ್ಪು. ಪ್ರತಿ ಹುಣ್ಣಿಮೆಯೂ ಅಲ್ಲಿ ಪೋಯ ರಜೆ. ಆ ದಿನ ಪಿಟವಲ ಪತನದಂಥ (ಪತನ ಅಂದರೆ ಅಲ್ಲಿ ಬೆಟ್ಟದ ಹುಲ್ಲುಗಾವಲು) ಸುಲಭದ ಜಾಗಗಳು ಜನರಿಂದ ತುಂಬಿರುತ್ತವೆ.

ಅರಣ್ಯ ಇಲಾಖೆಯ ಡೀನ್‌ಸ್ಟನ್ ಮತ್ತು ಇಲ್ಲುಕ್‌ಕುಂಬುರ ಕೇಂದ್ರಗಳ ಸಿಬ್ಬಂದಿಗೆ ಎರಡನೆಯ ನಮಸ್ಕಾರ. ಟಿಕೆಟ್ ಕೊಟ್ಟು ಕಳಿಸುವುದಷ್ಟೇ ಅವರ ಕೆಲಸ ಎಂದು ಅನೇಕರು ತಿಳಿದಿದ್ದಾರೆ. ಯಾವ ದಾರಿ ಮುಚ್ಚಿದೆ, ಎಲ್ಲಿ ಗುಡ್ಡ ಜಾರಿದೆ, ಎಲ್ಲಿ ಬೆಂಕಿ ಬಿದ್ದಿತ್ತು ಎಂಬುದು ಸರಿಯಾಗಿ ಗೊತ್ತಿರುವುದು ಅವರಿಗೇ. ಪಾಸ್‌ಪೋರ್ಟ್, ತಂಡದ ಹೆಸರುಪಟ್ಟಿಯ ಎರಡು ಪ್ರತಿ, ಎಲ್ಲಿಂದ ಹೊರಟು ಎಲ್ಲಿಗೆ ಇಳಿಯುತ್ತೀರಿ ಎಂಬ ಚೀಟಿ ಜೊತೆಗಿರಲಿ. ಒಂದು ಪ್ರತಿ ಅವರ ಬಳಿ ಉಳಿಯಬೇಕು. ಪ್ಲಾಸ್ಟಿಕ್ ಚೀಲಗಳನ್ನು ಕ್ಯಾಂಡಿಯಲ್ಲೇ ಬಿಟ್ಟು, ಬಟ್ಟೆಯ ಚೀಲ ಮತ್ತು ಡಬ್ಬಿಗಳಿಗೆ ಸಾಮಾನು ತುಂಬಿಕೊಳ್ಳಿ. ಕಾಡಿನೊಳಗೆ ಬೆಂಕಿ ಹಾಕುವಂತಿಲ್ಲ. ಬೇಸಿಗೆಯಲ್ಲಿ ಪತನದ ‘ಮಾನ’ ಎಂಬ ಹುಲ್ಲು ಎಣ್ಣೆ ಹಿಡಿದ ಬತ್ತಿಯಂತೆ ಹತ್ತಿಕೊಳ್ಳುತ್ತದೆ. ಬೆಂಕಿ ಹೋದ ಮೇಲೂ ಅಪಾಯ ಉಳಿಯುತ್ತದೆ: ಬೇರು ಸುಟ್ಟ ಇಳಿಜಾರಿನಲ್ಲಿ ಕಲ್ಲುಗಳು ಸಡಿಲಾಗಿ, ಮುಂದೆ ಹೋದವರ ಕಾಲು ತಾಗಿ ಹಿಂದಿನವರ ಮೇಲೆ ಉರುಳುತ್ತವೆ. ಅಂಥಲ್ಲಿ ಒಬ್ಬೊಬ್ಬರಾಗಿ ದಾಟಬೇಕು. ಮಳೆ ಬಂದಿದ್ದರೆ ಭೂಕುಸಿತದ ಮುನ್ನೆಚ್ಚರಿಕೆಯನ್ನೂ ಕೇಳಿಕೊಳ್ಳಿ. ಅಲ್ಲಿನ ರಾಷ್ಟ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಹಳದಿ, ಕಿತ್ತಳೆ, ಕೆಂಪು ಎಂದು ಮೂರು ಹಂತದಲ್ಲಿ ಅದನ್ನು ಕೊಡುತ್ತದೆ. ಹಳದಿ ಇದ್ದ ದಿನವೇ ಚಾರಣ ನಿಲ್ಲಿಸುವುದು ನಮ್ಮ ನಿಯಮ.

ಅತಿ ದೊಡ್ಡ ಋಣ ಗೈಡುಗಳದು. ಇವರ ಬಗ್ಗೆ ಸ್ವಲ್ಪ ಹೆಚ್ಚೇ ಬರೆಯಬೇಕು.

ಫೋನಿನ ನಕ್ಷೆಯಲ್ಲಿ ದುಂಬರದ ದಾರಿಗಳು ಗೆರೆ ಎಳೆದಷ್ಟು ಸ್ಪಷ್ಟವಾಗಿ ಕಾಣುತ್ತವೆ. ನೆಲದ ಮೇಲೆ ಹಾಗಿಲ್ಲ. ಈ ಕಾಡಿನ ಮರಗಳಡಿಯಲ್ಲಿ ದಶಕಗಳ ಕಾಲ ಏಲಕ್ಕಿ ಬೆಳೆದಿದ್ದಾರೆ. ಗಿಡಗಳು, ಒಣಗಿಸುವ ಹಳೆಯ ಗೂಡುಗಳು ಇನ್ನೂ ಅಲ್ಲಲ್ಲಿ ಇವೆ. ಏಲಕ್ಕಿ ಕೊಯ್ಯುವವರು ತುಳಿದ ಕಾಲುದಾರಿಗಳು ಮುಖ್ಯ ದಾರಿಯಿಂದ ಕವಲೊಡೆದು, ಎರಡು ಮೂರು ಫರ್ಲಾಂಗು ಚೆನ್ನಾಗಿಯೇ ಸಾಗಿ, ಯಾವುದೋ ಹಳ್ಳದ ತಲೆಯಲ್ಲಿ ನಿಂತುಬಿಡುತ್ತವೆ. ಸಕಲೇಶಪುರ, ಮಡಿಕೇರಿ ಕಡೆಯ ಏಲಕ್ಕಿ ಮಲೆಗಳನ್ನು ಬಲ್ಲವರಿಗೆ ಇದು ಹೊಸತಲ್ಲ. ದಾರಿ ತಪ್ಪುವವರು ತಪ್ಪುವುದು ಹೆಚ್ಚಾಗಿ ಇಲ್ಲೇ, ಅದರಲ್ಲೂ ಇಳಿಯುವಾಗ. ಕಾಲಡಿಯ ದಾರಿ ಹಠಾತ್ತನೆ ಕಿರಿದಾಗಿ ಸುತ್ತ ಏಲಕ್ಕಿ ಗಿಡ ಹೆಚ್ಚಾದರೆ ಮುಂದೆ ಹೋಗದೆ, ಕೊನೆಯ ಕವಲಿನವರೆಗೆ ಹಿಂದಿರುಗಿ. ಹಳ್ಳ ಹಿಡಿದು ಇಳಿದರೆ ಊರು ಸಿಗುತ್ತದೆ ಎಂಬ ಮಾತು ಇಲ್ಲಿ ಪ್ರಾಣಕ್ಕೆ ಎರವು. ಈ ಹಳ್ಳಗಳು ಜಲಪಾತಗಳಾಗಿಯೇ ಕೆಳಗಿಳಿಯುತ್ತವೆ.

ಹೊಳೆ ದಾಟುವ ವಿಚಾರದಲ್ಲಿ ಅವರು ಹೇಳಿದ್ದನ್ನು ಇದ್ದ ಹಾಗೆ ಕೊಡುತ್ತೇವೆ. ಮೀಮುರೆಯ ಹೀನ್ ಗಂಗ ಇರಲಿ, ಇಲ್ಲುಕ್‌ಕುಂಬುರದ ತೆಲ್ಗಮು ಓಯ ಇರಲಿ, ನೀವಿರುವಲ್ಲಿ ಬಿಸಿಲಿದ್ದರೂ ಮೇಲೆ ಮಳೆಯಾದರೆ ನೀರು ಒಂದು ಗಂಟೆಯೊಳಗೆ ಏರುತ್ತದೆ. ತಿಳಿನೀರಿಗೆ ಟೀ ಬಣ್ಣ ಬಂದರೆ, ಎಲೆ ಕಡ್ಡಿ ತೇಲತೊಡಗಿದರೆ, ಹರಿವಿನ ಸದ್ದು ದಪ್ಪಗಾದರೆ ದಂಡೆ ಬಿಟ್ಟು ಮೇಲೆ ಹತ್ತಬೇಕು. ನೀರು ಮೊಣಕಾಲಿಗಿಂತ ಮೇಲಿದ್ದರೆ ದಾಟುವಂತಿಲ್ಲ. ಅದಕ್ಕಿಂತ ಕಡಿಮೆಯಿದ್ದರೂ ಬೆನ್ನುಚೀಲದ ಸೊಂಟದ ಪಟ್ಟಿ ಬಿಚ್ಚಿ, ಕೋಲನ್ನು ಹರಿವಿನ ಎದುರಿಗೆ ಊರಿ, ಅಡ್ಡ ಹೆಜ್ಜೆ ಇಡುತ್ತ ದಾಟಬೇಕು. ಏರಿದ ನೀರು ಮಳೆ ನಿಂತ ಮೇಲೆ ಅಷ್ಟೇ ಬೇಗ ಇಳಿಯುವುದೂ ಉಂಟು. ಆದ್ದರಿಂದ ಕಾಯುವುದೇ ಸರಿಯಾದ ಉಪಾಯ, ಕಾಯಲಿಕ್ಕೆ ಪ್ರತಿಯೊಬ್ಬರ ಚೀಲದಲ್ಲೂ ಒಂದು ಹೊತ್ತಿನ ಹೆಚ್ಚುವರಿ ಆಹಾರ ಇರಬೇಕು. ನೀರು ಕಂಡಲ್ಲೆಲ್ಲ ಕಲಸಿ ತಿನ್ನಬಹುದಾದ ಹುರಿಹಿಟ್ಟು, ಬೆಲ್ಲ ನಮಗೆ ಇದಕ್ಕೆ ತುಂಬ ಒದಗಿತು.

ಬಂಡೆಗಳ ಮೇಲೆ ಕಪ್ಪಗೆ ಮಿರುಗುವ ಪಟ್ಟೆ ಕಂಡರೆ ಅಲ್ಲಿ ಪಾಚಿ ಇದೆ ಎಂದರ್ಥ, ಎಷ್ಟೇ ಒಳ್ಳೆಯ ಬೂಟಾದರೂ ಜಾರುತ್ತದೆ. ಬಿಳಿಚಿದ, ಒರಟು ಕಲ್ಲಿನ ಮೇಲೆ ಕಾಲಿಡಿ. ಚಾಚಿಕೊಂಡ ಬಂಡೆಗಳ ಕೆಳಗೆ ಹೆಜ್ಜೇನಿನ ಹುಟ್ಟುಗಳಿರುತ್ತವೆ. ಅಂಥ ಕಡೆ ಕೂಗಬಾರದು, ಹೊಗೆ ಮಾಡಬಾರದು, ಸೆಂಟು ಹಾಕಿಕೊಂಡಿರಬಾರದು. ಇನ್ನು ಲಕೇಗಲದ ಮಾತು. ರಾವಣನ ವಿಮಾನ ಹಾರಿದ್ದು ಇಲ್ಲಿಂದಲೇ ಎಂದು ಊರವರು ಹೇಳುವ ಈ ಚೂಪು ಬಂಡೆಯನ್ನು ಮೀಮುರೆಯ ಗದ್ದೆಬಯಲಿನಿಂದ ನೋಡಿದವರಿಗೆ ಹತ್ತುವ ಆಸೆ ಬಂದೇ ಬರುತ್ತದೆ. ಹಗ್ಗದ ಕೆಲಸ ಬಲ್ಲವರಿಗೆ ಮಾತ್ರ ಅದು, ಚಾರಣಿಗರಿಗಲ್ಲ. ‘ಬುಡದವರೆಗೆ ಕರೆದೊಯ್ಯುತ್ತೇವೆ, ಮೇಲಕ್ಕಿಲ್ಲ’ ಎಂದು ಖಡಾಖಂಡಿತ ಹೇಳಿದ ಗೈಡಿಗೆ ಕೈಮುಗಿಯುತ್ತೇವೆ. ಆ ದಿನದ ಕೂಲಿ ಹೋದರೂ ಸರಿ ಎಂದು ಹಾಗೆ ಹೇಳುವುದಕ್ಕೆ ದೊಡ್ಡ ಮನಸ್ಸು ಬೇಕು. ಹೋಗುವವರು ಇದನ್ನು ನೆನಪಿಡಿ: ಹವೆ ಕೆಟ್ಟು ಚಾರಣ ನಿಂತರೂ ಗೈಡಿನ ಪೂರ್ತಿ ಕೂಲಿ ಕೊಡುತ್ತೇವೆಂದು ಮೊದಲೇ ಮಾತಾಡಿಕೊಳ್ಳಿ. ಆಗ ಅವರು ‘ಬೇಡ’ ಅನ್ನಬೇಕಾದಲ್ಲಿ ಹಿಂಜರಿಯುವುದಿಲ್ಲ.

ಮನಿಗಲದ ಕಥೆ ಬೇರೆ. ಇಲ್ಲುಕ್‌ಕುಂಬುರದಿಂದ ತೆಲ್ಗಮು ಓಯ ದಾಟಿ ಹತ್ತಿ ಎತನ್‌ವಲ ಊರಿನ ಕಡೆ ಇಳಿಯುವ ದಾರಿ ಇದು. ದೂರ ಹೆಚ್ಚಿಲ್ಲ, ಆದರೆ ಬೆನ್ನು ಪೂರ್ತಿ ಬೋಳುಬಂಡೆ. ನೆರಳಿಲ್ಲ, ನೀರಿಲ್ಲ. ಹತ್ತು ಗಂಟೆಯ ಮೇಲೆ ಕಲ್ಲೇ ಕಾಯತೊಡಗುತ್ತದೆ. ಆರಕ್ಕೆ ಹೊರಡಬೇಕು, ತಲಾ ಮೂರು ಲೀಟರ್ ನೀರು ಹೊರಬೇಕು, ಒಂದು ಲೀಟರಿಗೆ ಒಂದು ಓಆರ್‌ಎಸ್ ಪೊಟ್ಟಣ ಬೆರೆಸಿಕೊಳ್ಳಬೇಕು. ಅಂಚಿನಲ್ಲಿ ತಡೆಗೋಡೆ ಇಲ್ಲ. ಮಂಜು ಮುಚ್ಚಿದರೆ ಇದ್ದಲ್ಲೇ ಕೂರಬೇಕು, ಫೋಟೊಕ್ಕಾಗಿ ಹಿಂದೆ ಸರಿಯುವುದಂತೂ ಬೇಡವೇ ಬೇಡ. ಭೂಮಧ್ಯರೇಖೆಗೆ ಹತ್ತಿರವಾದ್ದರಿಂದ ವರ್ಷವಿಡೀ ಐದೂಮುಕ್ಕಾಲರಿಂದ ಆರೂವರೆಯೊಳಗೆ ಸೂರ್ಯ ಮುಳುಗುತ್ತಾನೆ, ಮುಸ್ಸಂಜೆ ಅರ್ಧ ಗಂಟೆಯೂ ಉಳಿಯುವುದಿಲ್ಲ. ಮರಗಳಡಿಯಲ್ಲಿ ಐದೂವರೆಗೇ ಕಾಲುದಾರಿ ಕಾಣದು. ತಲೆದೀಪವೊಂದು ಎಲ್ಲರ ಬಳಿಯೂ ಇರಲೇಬೇಕು.

ಜೀಪು ಮತ್ತು ತ್ರೀವೀಲರ್ ಚಾಲಕರಿಗೆ ವಂದನೆ. ಕ್ಯಾಂಡಿಯಿಂದ ತೆಲ್ದೆಣಿಯ ಮೇಲೆ ಹುನ್ನಸ್‌ಗಿರಿಯ, ಅಲ್ಲಿಂದ ಎಡಕ್ಕೆ ತಿರುಗಿ ಡೀನ್‌ಸ್ಟನ್, ಕಾರ್ಬೆಟ್ಸ್ ಗ್ಯಾಪ್ ದಾಟಿದರೆ ಮೀಮುರೆ. ಕೊನೆಯ ಇಳಿಜಾರನ್ನು ಹಗಲಲ್ಲೇ ಮುಗಿಸಬೇಕು. ಮೀಮುರೆಯೂ ರಿವರ್‌ಸ್ಟನ್ನೂ ನಕ್ಷೆಯಲ್ಲಿ ಪಕ್ಕಪಕ್ಕದಲ್ಲಿ ಕಾಣುತ್ತವೆ, ರಸ್ತೆಯಲ್ಲಿ ಮಾತ್ರ ಕ್ಯಾಂಡಿ, ಮಾತಲೆ, ರತ್ತೋಟ ಸುತ್ತಿ ಬರಬೇಕು. ಅದಕ್ಕೊಂದು ಇಡೀ ದಿನ ಬಿಟ್ಟುಕೊಡಿ. ನಗದು ಕ್ಯಾಂಡಿಯಲ್ಲೇ ತೆಗೆದಿಟ್ಟುಕೊಳ್ಳಿ.

ಊಟ ಹಾಕಿದ ಅಕ್ಕಂದಿರನ್ನು ಹೇಗೆ ಮರೆಯಲಿ! ಕುರಕ್ಕನ್ ರೊಟ್ಟಿ, ಅಂದರೆ ನಮ್ಮ ರಾಗಿರೊಟ್ಟಿಯೇ, ಜೊತೆಗೆ ಕಾಯಿತುರಿಯ ಸಂಬೋಲ, ಕಿತುಲ್ ಬೆಲ್ಲ. ಬೈನೆ ಮರದಿಂದ ತೆಗೆದ ಆ ಬೆಲ್ಲದ ತುಂಡು ಏರುದಾರಿಯಲ್ಲಿ ಯಾವ ಚಾಕೊಲೇಟಿಗೂ ಕಡಿಮೆಯಿಲ್ಲ. ಸಸ್ಯಾಹಾರಿಗಳು ಒಂದು ಮಾತು ಮೊದಲೇ ತಿಳಿಸಬೇಕು. ಸಂಬೋಲಕ್ಕೂ ಬಹಳಷ್ಟು ತರಕಾರಿ ಪಲ್ಯಗಳಿಗೂ ಉಂಬಲಕಡ ಎಂಬ ಒಣಮೀನಿನ ಪುಡಿ ಹಾಕುತ್ತಾರೆ. ‘ಮೀನು ತಿನ್ನುವುದಿಲ್ಲ’ ಅಂದರೆ ಸಾಲದು, ‘ಉಂಬಲಕಡವೂ ಬೇಡ’ ಎಂದು ಹಿಂದಿನ ದಿನವೇ ಹೇಳಿ. ಸಾಮಾನು ತರಲು ಅವರು ದೂರ ಹೋಗಬೇಕಾದ್ದರಿಂದ ಎಷ್ಟು ಜನ, ಎಷ್ಟು ಹೊತ್ತಿನ ಊಟ ಎಂಬುದನ್ನು ಮೊದಲೇ ತಿಳಿಸಿ, ಮುಂಗಡ ಕೊಡುವುದು ಮರ್ಯಾದೆ.

ಹೊರಡುವ ಮುನ್ನ ಸಮಯ ಕೊಟ್ಟ ವೈದ್ಯರಿಗೂ ನಾವು ಋಣಿಗಳು. ಇಂಬಳಕ್ಕೆ ಹೆದರುವವರೇ ಹೆಚ್ಚು, ಆದರೆ ಅದರಿಂದ ಜೀವಕ್ಕೇನೂ ಆಗದು. ಮೊಣಕಾಲುದ್ದದ ಒತ್ತು ನೇಯ್ಗೆಯ ಬಟ್ಟೆಯ ಕಾಲುಚೀಲ ಸಾಕು. ಕಚ್ಚಿದ್ದರೆ ಎಳೆಯದೆ, ಬಾಯಿ ಕಚ್ಚಿದ ಕಡೆ ಉಗುರನ್ನು ಚರ್ಮಕ್ಕೆ ಒತ್ತಿ ಜಾರಿಸಿ ಬಿಡಿಸಿ, ಆಮೇಲೆ ಗಾಯವನ್ನು ಒತ್ತಿಹಿಡಿಯಿರಿ. ನಿಜವಾಗಿ ಹೆದರಬೇಕಾದದ್ದು ತರಗೆಲೆಯಲ್ಲಿ ಅಡಗುವ, ಮೊಳದುದ್ದದ, ಮೂತಿ ಮೇಲಕ್ಕೆದ್ದ ಗುಳಿಮಂಡಲಕ್ಕೆ. ಅಲ್ಲಿನವರು ಪೊಲೊನ್ ತೆಲಿಸ್ಸ ಎನ್ನುತ್ತಾರೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳಿಗಾಗಿ ಭಾರತದಲ್ಲಿ ತಯಾರಾಗುವ ವಿಷನಿರೋಧಕ ಇದಕ್ಕೆ ನಾಟುವುದಿಲ್ಲ. ಈ ಕಡಿತ ಕೆಲವರ ಮೂತ್ರಪಿಂಡವನ್ನೇ ಕೆಡಿಸುತ್ತದೆ. ಕಟ್ಟು ಕಟ್ಟದೆ, ಕೊಯ್ಯದೆ, ಕಚ್ಚಿದ ಕಾಲನ್ನು ಅಲುಗಾಡಿಸದೆ ಕ್ಯಾಂಡಿಯ ದೊಡ್ಡ ಆಸ್ಪತ್ರೆಗೆ ಒಯ್ಯಬೇಕು. ದಿಮ್ಮಿ ದಾಟುವಾಗ ಆಚೆ ಬದಿ ನೋಡದೆ ಕಾಲಿಡಬೇಡಿ, ಕುಳಿತುಕೊಳ್ಳುವ ಮುನ್ನ ಕೋಲಿನಿಂದ ತರಗು ಸರಿಸಿ. 1990ಕ್ಕೆ ಕರೆ ಮಾಡಿದರೆ ಸುವ ಸೆರಿಯ ಆಂಬುಲೆನ್ಸ್ ಉಚಿತವಾಗಿ ಬರುತ್ತದೆ, ಭಾರತದ ನೆರವಿನಿಂದ 2016ರಲ್ಲಿ ಶುರುವಾದ ಸೇವೆ ಅದು. ಆದರೆ ಅದು ಬರುವುದು ರಸ್ತೆಯವರೆಗೆ. ಆದ್ದರಿಂದ ಎರಡು ಉದ್ದನೆಯ ಕೋಲು, ಎರಡು ಗೋಣಿಚೀಲದಿಂದ ಡೋಲಿ ಕಟ್ಟುವುದನ್ನು ತಂಡದ ಎಲ್ಲರೂ ಊರಲ್ಲೇ ಕಲಿತಿರಬೇಕು. ಫೋನ್ ಸಿಗ್ನಲ್ ಸಿಗುವ ದಿಬ್ಬಗಳು ಯಾವುವು ಎಂದು ಗೈಡನ್ನು ಕೇಳಿ ಬರೆದಿಟ್ಟುಕೊಳ್ಳಿ.

ಶ್ರೀಲಂಕಾ 2016ರಲ್ಲೇ ಮಲೇರಿಯಾಮುಕ್ತವಾಗಿದೆ. ಇಲಿಜ್ವರ ಮತ್ತು ಡೆಂಗಿ ಮಾತ್ರ ಇವೆ. ಗದ್ದೆಯ ಬದುವಿನಲ್ಲಿ ನಡೆಯುವ ಮುನ್ನ ಕಾಲಿನ ಗಾಯಗಳನ್ನು ಮುಚ್ಚಿ. ವಾಪಸು ಬಂದ ಮೂರು ವಾರದೊಳಗೆ ಜ್ವರ, ಮೀನಖಂಡದ ನೋವು ಬಂದರೆ ಎಲ್ಲಿಗೆ ಹೋಗಿದ್ದಿರೆಂದು ವೈದ್ಯರಿಗೆ ಹೇಳಿ.

ಕೊನೆಯದಾಗಿ, ಬೆಂಗಳೂರಿನಲ್ಲಿ ಕೂತು ದಿನವೂ ಸಂಜೆ ಏಳಕ್ಕೆ ನಮ್ಮ ಸಂದೇಶಕ್ಕೆ ಕಾದ ಗೆಳತಿಗೆ. ಒಂಬತ್ತರವರೆಗೂ ಸಂದೇಶ ಬರದಿದ್ದರೆ ಯಾರಿಗೆ, ಯಾವ ಕ್ರಮದಲ್ಲಿ ಕರೆ ಮಾಡಬೇಕೆಂಬ ಪಟ್ಟಿ ಅವರ ಬಳಿ ಇತ್ತು: ಮೊದಲು ಗೈಡಿನ ಮನೆ, ಆಮೇಲೆ ಅರಣ್ಯ ಕೇಂದ್ರ, ಆಮೇಲೆ 119ರ ಪೊಲೀಸರು. ಭಾರತದಿಂದ ನೇರವಾಗಿ 119 ಹಿಡಿಯಲಾಗದು, ಆದ್ದರಿಂದ ಆ ಕರೆಯನ್ನು ಕ್ಯಾಂಡಿಯಲ್ಲಿನ ಪರಿಚಿತರು ಮಾಡುವುದೆಂದು ಗೊತ್ತಾಗಿತ್ತು. ಈ ಪಟ್ಟಿಯ ಖಾಲಿ ನಮೂನೆಯನ್ನೂ ನಾವು ನಡೆದ ದಾರಿಗಳ ಜಿಪಿಎಸ್ ಗುರುತುಗಳನ್ನೂ ಕೇಳಿದ ತಂಡಗಳಿಗೆ ಕೊಡುತ್ತೇವೆ. ಗುರುತುಗಳನ್ನು ಮಾತ್ರ ಮೊದಲು ಡೀನ್‌ಸ್ಟನ್ ಕಚೇರಿಯಲ್ಲಿ ತೋರಿಸಿ, ಆ ದಾರಿ ಇನ್ನೂ ತೆರೆದಿದೆಯೇ ಎಂದು ಕೇಳಿಕೊಂಡೇ ಬಳಸಬೇಕು.