ನಮ್ಮ ಸಿಡಿಎನ್ ಹೊಸ ಆವೃತ್ತಿಗೆ ಹೋಗುತ್ತಿದೆ: ನಿಮ್ಮ ಕಡೆ ಏನೇನು ನೋಡಿಕೊಳ್ಳಬೇಕು

ನಮಸ್ಕಾರ,

ಮುಂದಿನ ತಿಂಗಳು ನಮ್ಮ ಸಿಡಿಎನ್‌ನ, ಅಂದರೆ ನಿಮ್ಮ ಪುಟಗಳ ಪ್ರತಿ ಇಟ್ಟುಕೊಂಡು ಓದುಗರಿಗೆ ಬೇಗ ತಲುಪಿಸುವ ಜಾಲದ, ಎಲ್ಲ ಎಡ್ಜ್ ಸರ್ವರ್‌ಗಳನ್ನು (ಓದುಗರಿಗೆ ನೇರವಾಗಿ ಉತ್ತರ ಕೊಡುವವು) ಅಪಾಚೆ ಟ್ರಾಫಿಕ್ ಸರ್ವರ್ ಅನ್ನುವ ಸಾಫ್ಟ್‌ವೇರಿನ 9ನೇ ಆವೃತ್ತಿಯಿಂದ 10ಕ್ಕೆ ತರುತ್ತಿದ್ದೇವೆ. ನಿಮ್ಮ ಸೈಟ್ ನಿಲ್ಲುವುದಿಲ್ಲ. ಡಿಎನ್ಎಸ್ ಮುಟ್ಟಬೇಕಿಲ್ಲ, ಸರ್ಟಿಫಿಕೇಟ್ ಈಗಿರುವುದೇ ನಡೆಯುತ್ತದೆ, ಪರ್ಜ್ (ಹಳೇ ಪ್ರತಿ ಅಳಿಸುವುದು) ಮಾಡುವ ವಿಧಾನವೂ ಹಾಗೆಯೇ ಇರುತ್ತದೆ. ಆದರೆ ಇದೇ ಹೊತ್ತಿಗೆ ಕ್ಯಾಶ್ (ಪ್ರತಿಗಳನ್ನು ಇಟ್ಟುಕೊಳ್ಳುವ ಜಾಗ) ನಡೆದುಕೊಳ್ಳುವ ರೀತಿಯಲ್ಲೂ ಕೆಲವು ಬದಲಾವಣೆ ಮಾಡುತ್ತಿದ್ದೇವೆ. ಅವು ನಿಮ್ಮ ಭೇಟಿಗಳ ಲೆಕ್ಕವನ್ನೂ ಲಾಗಿನ್ ಪುಟಗಳನ್ನೂ ಮುಟ್ಟಬಹುದು, ಅದಕ್ಕೇ ಪತ್ರ ಸ್ವಲ್ಪ ಉದ್ದವಾಗಿದೆ. ಪೂರ್ತಿ ಓದಲು ಪುರುಸೊತ್ತಿಲ್ಲದಿದ್ದರೆ ಕುಕಿ ಬಗ್ಗೆ ಬರೆದಿರುವುದನ್ನಾದರೂ ಓದಿ.

ಮೊದಲು, ಯಾಕೆ ಈ ಬದಲಾವಣೆ ಅನ್ನೋದು. ಟ್ರಾಫಿಕ್ ಸರ್ವರ್ ಹಳೇ ಸಾಫ್ಟ್‌ವೇರ್. ಇಂಕ್ಟೋಮಿ ಕಂಪನಿಯಲ್ಲಿ ಹುಟ್ಟಿ, ಆಮೇಲೆ ಯಾಹೂ ಕೈಗೆ ಬಂದು, 2009ರಲ್ಲಿ ಅಪಾಚೆ ಫೌಂಡೇಶನ್‌ಗೆ ಸೇರಿದ್ದು. ಅಷ್ಟು ವರ್ಷ ಬದುಕಿದ ಯಾವ ಸಾಫ್ಟ್‌ವೇರಿನಲ್ಲೂ ಹಳೇ ಭಾಗಗಳು ಸೇರಿಕೊಂಡಿರುತ್ತವೆ, ಅಲ್ವಾ? 2024ರಲ್ಲಿ ಬಂದ 10ನೇ ಆವೃತ್ತಿಯಲ್ಲಿ ಅಂಥದ್ದನ್ನು ಧೈರ್ಯವಾಗಿ ತೆಗೆದುಹಾಕಿದ್ದಾರೆ. ಮುಖ್ಯ ಪ್ರೋಗ್ರಾಮಿನ ಮೇಲೆ ಕಣ್ಣಿಡಲು ಇದ್ದ ‘ಟ್ರಾಫಿಕ್ ಮ್ಯಾನೇಜರ್’ ಈಗ ಇಲ್ಲವೇ ಇಲ್ಲ. ಸರ್ವರ್‌ಗೆ ಆಜ್ಞೆ ಕೊಡುವುದೆಲ್ಲ ಜೇಸನ್-ಆರ್‌ಪಿಸಿ ಅನ್ನುವ ಸಂದೇಶ ವಿಧಾನದ ಮೂಲಕ ನೇರವಾಗಿ ನಡೆಯುತ್ತದೆ. ಮುಖ್ಯ ಸೆಟ್ಟಿಂಗ್ ಫೈಲ್ ಕೂಡ ಸಾಲು ಸಾಲಾಗಿ ಬರೆಯುವ ಹಳೇ ರೂಪ ಬಿಟ್ಟು ಯಾಮಲ್ ಅನ್ನುವ ರೂಪಕ್ಕೆ ಬಂದಿದೆ.

ಇದರಲ್ಲಿ ನಿಮಗೇನು ಬಂತು ಅಂತ ಕೇಳಬಹುದು. ನಮ್ಮಂಥ ಚಿಕ್ಕ ಸಹಕಾರಿಯಲ್ಲಿ ಸರ್ವರ್ ನೋಡಿಕೊಳ್ಳುವವರು ಕೆಲವೇ ಜನ. ಬಿಡಿಭಾಗ ಕಡಿಮೆ ಆದಷ್ಟೂ ಮಧ್ಯರಾತ್ರಿ ಏನಾದರೂ ಕೆಟ್ಟಾಗ ಕಾರಣ ಬೇಗ ಸಿಗುತ್ತದೆ. ಇನ್ನೊಂದು, ಈ ಕೋಡ್ ತೆರೆದಿದೆ. ಅನುಮಾನ ಬಂದರೆ ನಾವೇ ಓದಿ ನೋಡಬಹುದು, ನೀವೂ ನೋಡಬಹುದು. ನಾವು ಇದನ್ನು ನೆಚ್ಚಿಕೊಂಡಿರುವುದು ಆ ಕಾರಣಕ್ಕೇ.

ಈಗ ನಿಮಗೆ ಸಂಬಂಧಪಟ್ಟ ವಿಷಯ.

ಲಿಂಕ್‌ಗಳ ಬಾಲದಲ್ಲಿ ‘ಯುಟಿಎಂ’ ಅಂತ ಶುರುವಾಗುವ ಗುರುತುಗಳಿರುತ್ತವಲ್ಲ, ಜಾಹೀರಾತಿನಿಂದ ಬಂದರೋ ಇಮೇಲಿನಿಂದ ಬಂದರೋ ಅಂತ ತಿಳಿಯಲು ಹಾಕುವವು. ಇಲ್ಲಿಯವರೆಗೆ ಇಡೀ ವಿಳಾಸವೇ ಕ್ಯಾಶ್ ಕೀ (ಪ್ರತಿಯನ್ನು ಹುಡುಕುವ ಹೆಸರು) ಆಗಿತ್ತು. ಅಂದರೆ ಒಂದೇ ಪುಟವನ್ನು ನೂರು ಬೇರೆ ಬೇರೆ ಗುರುತು ಹಾಕಿ ಹಂಚಿದರೆ ಕ್ಯಾಶ್‌ನಲ್ಲಿ ಅದರ ನೂರು ಪ್ರತಿ ಕೂರುತ್ತಿದ್ದವು, ನೂರು ಸಲವೂ ನಿಮ್ಮ ಮೂಲ ಸರ್ವರೇ (ಸೈಟ್ ನಿಜವಾಗಿ ಇರುವ ಸರ್ವರ್) ದುಡಿಯಬೇಕಿತ್ತು. ಇನ್ನು ಮೇಲೆ ಈ ಗುರುತುಗಳನ್ನು ಕೀಯಿಂದ ಬಿಡುತ್ತೇವೆ, ಉಳಿದವನ್ನು ಅಕ್ಷರ ಕ್ರಮದಲ್ಲಿ ಜೋಡಿಸುತ್ತೇವೆ. ಪ್ರಚಾರ ಶುರುವಾದ ದಿನವೇ ಸೈಟ್ ನಿಧಾನ ಆಗುತ್ತಿದ್ದವರಿಗೆ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಬ್ರೌಸರ್‌ನಲ್ಲಿ ಓಡುವ ಸ್ಕ್ರಿಪ್ಟ್ ನಿಮ್ಮ ಲೆಕ್ಕ ಇಡುತ್ತಿದ್ದರೆ ಏನೂ ಆಗುವುದಿಲ್ಲ, ಬ್ರೌಸರ್‌ನ ವಿಳಾಸ ಪಟ್ಟಿಯಲ್ಲಿ ಗುರುತು ಇದ್ದೇ ಇರುತ್ತದೆ. ಆದರೆ ಮೂಲ ಸರ್ವರ್‌ನ ಲಾಗ್ ನೋಡಿ ಎಣಿಸುವವರಾದರೆ, ಕ್ಯಾಶ್‌ನಿಂದಲೇ ಉತ್ತರ ಹೋದ ಭೇಟಿಗಳು ನಿಮ್ಮ ಲಾಗ್‌ಗೆ ಬರುವುದೇ ಇಲ್ಲ. ಅಂಥವರು ನಮ್ಮ ಎಡ್ಜ್ ಲಾಗ್ ತೆಗೆದುಕೊಳ್ಳಿ, ಅದರಲ್ಲಿ ಪೂರ್ತಿ ವಿಳಾಸ ಇರುತ್ತದೆ. ಬೇಡ, ಹಳೇ ರೀತಿಯೇ ಇರಲಿ ಅಂದರೂ ಸರಿ, ನಿಮ್ಮ ಸೈಟ್‌ಗೆ ಮಾತ್ರ ಇದನ್ನು ಆಫ್ ಮಾಡುತ್ತೇವೆ.

ಕುಕಿ ವಿಷಯ ಇದಕ್ಕಿಂತ ಗಂಭೀರ. ಹೊಸ ವ್ಯವಸ್ಥೆಯಲ್ಲಿ ‘ಸೆಟ್-ಕುಕಿ’ ಹೆಡರ್ (ಉತ್ತರದ ಜೊತೆ ಹೋಗಿ ಬ್ರೌಸರ್‌ಗೆ ಕುಕಿ ಕೊಡುವ ಸಾಲು) ಇರುವ ಯಾವ ಉತ್ತರವನ್ನೂ ನಾವು ಇಟ್ಟುಕೊಳ್ಳುವುದಿಲ್ಲ, ನೀವು ಅದಕ್ಕೆ ಎಷ್ಟೇ ದೊಡ್ಡ ಅವಧಿ ಕೊಟ್ಟಿದ್ದರೂ ಸರಿ. ಎಚ್‌ಟಿಟಿಪಿ ನಿಯಮ ಇದನ್ನು ಕಡ್ಡಾಯ ಮಾಡಿಲ್ಲ, ಇದು ನಮ್ಮ ತೀರ್ಮಾನ. ಒಬ್ಬರ ಸೆಷನ್ ಕುಕಿ ಕ್ಯಾಶ್‌ನಲ್ಲಿ ಕೂತು ಇನ್ನೊಬ್ಬರಿಗೆ ಹೋದರೆ ಮೊದಲಿನವರ ಖಾತೆಯೇ ಅವರಿಗೆ ತೆರೆದುಕೊಳ್ಳಬಹುದು, ಅಂಥದ್ದಕ್ಕೆ ಆಮೇಲೆ ಪರಿಹಾರ ಇಲ್ಲ. ಕೆಲವು ಫ್ರೇಮ್‌ವರ್ಕ್‌ಗಳು ಚಿತ್ರಕ್ಕೂ ಸ್ಟೈಲ್‌ಶೀಟ್‌ಗೂ ಸುಮ್ನೆ ಕುಕಿ ಅಂಟಿಸಿ ಕಳಿಸುತ್ತವೆ. ನಿಮ್ಮದು ಹಾಗಿದ್ದರೆ ಆ ಫೈಲ್‌ಗಳು ಕ್ಯಾಶ್ ಆಗುವುದು ನಿಂತುಹೋಗುತ್ತದೆ, ಮೂಲ ಸರ್ವರ್ ಮೇಲೆ ಭಾರ ಬೀಳುತ್ತದೆ. ಸ್ಟ್ಯಾಟಿಕ್ ಫೈಲ್‌ಗಳಿಗೆ ಕುಕಿ ಹೋಗದಂತೆ ಈಗಲೇ ಸರಿಮಾಡಿಕೊಳ್ಳಿ, ದಯವಿಟ್ಟು ಕೊನೇ ದಿನದವರೆಗೆ ಕಾಯಬೇಡಿ.

ಇದರ ಜೊತೆಗೆ ‘ಕ್ಯಾಶ್-ಕಂಟ್ರೋಲ್’ ಹೆಡರನ್ನೂ ಒಮ್ಮೆ ನೋಡಿಬಿಡಿ. ಎಷ್ಟು ಹೊತ್ತು ಇಟ್ಟುಕೊಳ್ಳಬಹುದು ಅಂತ ನೀವು ಹೇಳದಿದ್ದರೆ ನಾವು ಊಹೆ ಮಾಡಿ ಇಟ್ಟುಕೊಳ್ಳುವುದಿಲ್ಲ. ಈ ನಿಯಮ ಹಿಂದೆಯೂ ಇತ್ತು, ಆದರೆ ‘ನಮ್ಮ ಚಿತ್ರಗಳು ಯಾಕೆ ಕ್ಯಾಶ್ ಆಗುತ್ತಿಲ್ಲ’ ಅನ್ನುವ ಪ್ರಶ್ನೆಗಳಲ್ಲಿ ಹೆಚ್ಚಿನವಕ್ಕೆ ಇದೇ ಉತ್ತರ. ‘ನೋ-ಕ್ಯಾಶ್’ ಅಂದರೆ ಇಟ್ಟುಕೊಳ್ಳಬೇಡಿ ಅಂತಲ್ಲ, ಪ್ರತಿ ಸಲ ಕೇಳಿಕೊಂಡು ಕೊಡಿ ಅಂತ. ಇಟ್ಟುಕೊಳ್ಳಲೇಬಾರದು ಅಂದರೆ ‘ನೋ-ಸ್ಟೋರ್’ ಹಾಕಬೇಕು. ಬ್ರೌಸರ್‌ಗೆ ಒಂದು ಅವಧಿ, ನಮಗೆ ಇನ್ನೊಂದು ಅವಧಿ ಕೊಡಬೇಕಿದ್ದರೆ ‘ಎಸ್-ಮ್ಯಾಕ್ಸ್‌ಏಜ್’ ಇದೆ. ಅದನ್ನು ಬಳಸುವವರು ಕಡಿಮೆ, ಬಳಸಿದರೆ ತುಂಬಾ ಅನುಕೂಲ.

ನಮ್ಮದೇ ಆದ ‘ಎಕ್ಸ್-ಕ್ಯಾಶ್’ ಹೆಡರ್ ಬದಲು ಇನ್ನು ಮೇಲೆ ‘ಕ್ಯಾಶ್-ಸ್ಟೇಟಸ್’ ಬರುತ್ತದೆ. ಇದು 2022ರ ಆರ್‌ಎಫ್‌ಸಿ 9211 ಅನ್ನುವ ಇಂಟರ್ನೆಟ್ ನಿಯಮ ದಾಖಲೆಯಲ್ಲಿ ಬಂದ ಮಾನಕ. ಬರೀ ಹಿಟ್, ಮಿಸ್ (ಕ್ಯಾಶ್‌ನಲ್ಲಿ ಸಿಕ್ಕಿತು, ಸಿಗಲಿಲ್ಲ) ಅಲ್ಲ, ಮಿಸ್ ಆದರೆ ಯಾಕೆ ಆಯಿತು, ಪ್ರತಿ ಹಳೆಯದಾಗಿತ್ತೋ ಇರಲೇ ಇಲ್ಲವೋ, ಇನ್ನೆಷ್ಟು ಸೆಕೆಂಡ್ ಬಾಳುತ್ತದೆ ಅನ್ನುವುದನ್ನೂ ಹೇಳುತ್ತದೆ. ಹಳೇ ಹೆಡರ್ ಓದುವ ಸ್ಕ್ರಿಪ್ಟ್ ನಿಮ್ಮಲ್ಲಿದ್ದರೆ ತಿದ್ದಿಕೊಳ್ಳಿ. ಮೂರು ತಿಂಗಳು ಎರಡನ್ನೂ ಕಳಿಸುತ್ತೇವೆ.

ಎಚ್‌ಟಿಟಿಪಿ/2 ಪುಶ್ (ಬ್ರೌಸರ್ ಕೇಳುವ ಮುಂಚೆಯೇ ಫೈಲ್ ಕಳಿಸುವುದು) ಬಳಸುತ್ತಿದ್ದವರಿಗೆ: ಅದನ್ನು ನಿಲ್ಲಿಸುತ್ತಿದ್ದೇವೆ. ಕ್ರೋಮ್ 2022ರಲ್ಲೇ ಕೈಬಿಟ್ಟಿತು, ಎಂಜಿನ್‌ಎಕ್ಸ್ ವೆಬ್ ಸರ್ವರ್ 2023ರಲ್ಲಿ ತೆಗೆಯಿತು. ಅದರ ಬದಲು ಪ್ರೀಲೋಡ್ (ಈ ಫೈಲ್ ಬೇಗ ತರಿಸಿಕೋ ಅಂತ ಬ್ರೌಸರ್‌ಗೆ ಹೇಳುವ ಸೂಚನೆ) ಹಾಕಿ, ಸಾಕು.

10ನೇ ಆವೃತ್ತಿಯಲ್ಲಿ ನಮಗೆ ಬಹಳ ಇಷ್ಟವಾದದ್ದು, ಮೂಲ ಸರ್ವರ್ ಕಡೆಗೂ ಎಚ್‌ಟಿಟಿಪಿ/2 ಮಾತಾಡುವ ಸೌಲಭ್ಯ. ಇಷ್ಟು ದಿನ ಓದುಗರ ಕಡೆ ಮಾತ್ರ ಅದು ಇತ್ತು, ನಿಮ್ಮ ಕಡೆ ಹಳೇ ಎಚ್‌ಟಿಟಿಪಿ/1.1 ಆಗಿತ್ತು. 1.1ರಲ್ಲಿ ಒಂದು ಕನೆಕ್ಷನ್ ಮೇಲೆ ಒಂದು ಕೋರಿಕೆ ಮುಗಿದ ಮೇಲೇ ಇನ್ನೊಂದು. ಹಾಗಾಗಿ ಒಟ್ಟಿಗೆ ತುಂಬಾ ಕೋರಿಕೆ ಬಂದರೆ ಕನೆಕ್ಷನ್‌ಗಳೂ ತುಂಬಾ ಬೇಕು. ಈಗ ಒಂದೇ ಕನೆಕ್ಷನ್ ಮೇಲೆ ಹಲವು ಕೋರಿಕೆ ಒಟ್ಟಿಗೆ ಹೋಗಬಹುದು. ಆದರೂ ಎಲ್ಲರಿಗೂ ಒಮ್ಮೆಲೇ ಆನ್ ಮಾಡುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಹೊರಬಿದ್ದ ‘ರ‍್ಯಾಪಿಡ್ ರಿಸೆಟ್’ ದಾಳಿ (ಕೋರಿಕೆ ಕಳಿಸಿ ತಕ್ಷಣ ರದ್ದು ಮಾಡುತ್ತಾ ಎಚ್‌ಟಿಟಿಪಿ/2 ಸರ್ವರನ್ನು ದಣಿಸುವುದು) ನಿಮಗೆ ನೆನಪಿರಬಹುದು. ಎಚ್‌ಟಿಟಿಪಿ/2 ತೆರೆಯುವ ಮುಂಚೆ ನಿಮ್ಮ ಸರ್ವರ್ ಅದಕ್ಕೆ ಪ್ಯಾಚ್ ಆಗಿರಬೇಕು. ಬೇಕಾದವರು ಹೇಳಿ, ನಿಮ್ಮ ಜೊತೆ ಕೂತು ಪರೀಕ್ಷೆ ಮಾಡಿಯೇ ಆನ್ ಮಾಡುತ್ತೇವೆ.

ಕೊನೆಯದಾಗಿ, ಬದಲಾವಣೆಯ ವಾರದ ಮಾತು. ಪ್ರತಿ ಸರ್ವರ್ ಖಾಲಿ ಕ್ಯಾಶ್‌ನಿಂದ ಶುರುವಾಗುತ್ತದೆ. ಕೀ ಬದಲಾಗುತ್ತಿರುವುದರಿಂದ ಹಳೇ ಪ್ರತಿಗಳಲ್ಲಿ ಬಹಳಷ್ಟು ಹೇಗೂ ಕೆಲಸಕ್ಕೆ ಬರುವುದಿಲ್ಲ. ಎಲ್ಲವನ್ನೂ ಒಂದೇ ದಿನ ಖಾಲಿ ಮಾಡಿದರೆ ನಿಮ್ಮ ಮೂಲ ಸರ್ವರ್ ಮೇಲೆ ಕೋರಿಕೆಗಳು ನುಗ್ಗಿಬಿಡುತ್ತವೆ. ಅದಕ್ಕೇ ದಿನಕ್ಕೆ ಒಂದೇ ಸರ್ವರ್, ಅದೂ ಓದುಗರು ಕಡಿಮೆ ಇರುವ ಹೊತ್ತಿನಲ್ಲಿ. ಖಾಲಿ ಇರುವ ಎಡ್ಜ್ ನೇರವಾಗಿ ನಿಮ್ಮ ಹತ್ತಿರ ಬರದೆ ಮೊದಲು ನಡುವಿನ ಹಂತದ ಕ್ಯಾಶ್ ಕೇಳುತ್ತದೆ. ಆ ನಡುವಿನ ಹಂತವನ್ನು ಎಡ್ಜ್‌ಗಳೆಲ್ಲ ತುಂಬಿಕೊಂಡ ಮೇಲೆಯೇ ಮುಟ್ಟುತ್ತೇವೆ. ಒಂದೇ ಫೈಲನ್ನು ಒಟ್ಟಿಗೆ ಸಾವಿರ ಜನ ಕೇಳಿದರೆ ಒಂದು ಕೋರಿಕೆ ಮಾತ್ರ ಮುಂದೆ ಹೋಗಿ ಉಳಿದವರು ಅದೇ ಉತ್ತರಕ್ಕೆ ಕಾಯುವ ವ್ಯವಸ್ಥೆಯೂ ಇದೆ. ಇಷ್ಟೆಲ್ಲ ಇದ್ದರೂ ಆ ದಿನಗಳಲ್ಲಿ ನಿಮ್ಮ ಸರ್ವರ್‌ಗೆ ಎಂದಿಗಿಂತ ಜಾಸ್ತಿ ಕೆಲಸ ಇರುತ್ತದೆ. ದೊಡ್ಡ ಮಾರಾಟ, ಫಲಿತಾಂಶ ಪ್ರಕಟಣೆ ಅಂಥದ್ದೇನಾದರೂ ಆ ವಾರದಲ್ಲಿದ್ದರೆ ಈಗಲೇ ತಿಳಿಸಿ, ನಿಮ್ಮ ಓದುಗರು ಹೆಚ್ಚಿರುವ ಸರ್ವರ್‌ಗಳ ಸರದಿಯನ್ನು ಮುಂದಕ್ಕೆ ಹಾಕುತ್ತೇವೆ.

ಹೊಸ ಆವೃತ್ತಿ ಓಡುತ್ತಿರುವ ಒಂದು ಪರೀಕ್ಷಾ ಸರ್ವರ್ ಇವತ್ತಿನಿಂದಲೇ ಎಲ್ಲರಿಗೂ ತೆರೆದಿದೆ. ವಿಳಾಸ ನಿಮ್ಮ ಖಾತೆಯ ಪುಟದಲ್ಲಿದೆ. ನಿಮ್ಮ ಸೈಟನ್ನು ಅದರ ಮೂಲಕ ತೆರೆಯಿರಿ, ಲಾಗಿನ್ ಮಾಡಿ, ಲಾಗೌಟ್ ಮಾಡಿ, ನಾಲ್ಕು ಪುಟ ನೋಡಿ, ‘ಕ್ಯಾಶ್-ಸ್ಟೇಟಸ್’ ಏನು ಹೇಳುತ್ತದೆ ಗಮನಿಸಿ. ಎಲ್ಲಾದರೂ ಅನುಮಾನ ಬಂದರೆ ಆ ಪುಟದ ವಿಳಾಸ ಮತ್ತು ಹೆಡರ್ ಎರಡನ್ನೂ ಈ ಪತ್ರಕ್ಕೆ ಉತ್ತರವಾಗಿ ಕಳಿಸಿ. ಸರ್ವರ್ ಬದಲಿಸುತ್ತಿರುವವರೇ ಓದಿ ಉತ್ತರ ಬರೆಯುತ್ತಾರೆ.

ನಿಮ್ಮ,
ಸಹಕಾರಿಯ ಸರ್ವರ್ ತಂಡ