ಕಾಲು ನನ್ನದು, ನಡೆಸಿದವರು ನೀವು

ನಮ್ಮ ಚರ್ಚಿನ ಸಭೆಯ ಎಲ್ಲರಿಗೂ, ನಮ್ಮ ಓಣಿಯವರಿಗೂ ವಂದನೆಗಳು.

ಮಂಗಳವಾರ ರಾತ್ರಿ ಧಾರವಾಡಕ್ಕೆ ವಾಪಸ್ ಬಂದೆ. ಎಡ ಮೊಣಕಾಲು ಇನ್ನೂ ಊದಿಕೊಂಡಿದೆ. ಬಲಗಾಲಿನ ಎರಡು ಉಗುರು ಬಿದ್ದುಹೋಗಿವೆ. ಉಳಿದಂತೆ ಆರಾಮಾಗಿದ್ದೇನೆ. ಫ್ರಾನ್ಸಿನ ಗಡಿಯ ಊರಿನಿಂದ ಪಿರನೀಸ್ ಬೆಟ್ಟ ದಾಟಿ, ಯೇಸುವಿನ ಶಿಷ್ಯ ಯಾಕೋಬನ ಸಮಾಧಿ ಇದೆಯೆಂದು ನಂಬುವ ಸ್ಪೇನಿನ ಸಾಂಟಿಯಾಗೊವರೆಗೆ ಸುಮಾರು 780 ಕಿಲೋಮೀಟರ್ ನಡೆದೆ. 36 ದಿನ ಹಿಡಿಯಿತು. ಆ ದಾರಿಗೆ ‘ಕಮಿನೊ’ ಅಂತಾರೆ. ಅದರ ಅರ್ಥವೂ ದಾರಿ ಅಂತಲೇ.

ಮೊದಲ ವಂದನೆ ನಮ್ಮ ಪ್ಯಾಸ್ಟರೇಟ್ ಕಮಿಟಿಗೆ, ಅಂದರೆ ಚರ್ಚಿನ ಆಡಳಿತ ನೋಡಿಕೊಳ್ಳುವವರಿಗೆ. ನನ್ನ ಪಾಸ್ಟರ್ ದೀಕ್ಷೆಗೆ 25 ವರ್ಷ ತುಂಬಿದಾಗ ಶಾಲು, ಹಾರ ಬೇಡ, ಒಂದೂವರೆ ತಿಂಗಳು ರಜೆ ಕೊಡಿ ಎಂದು ಕೇಳಿದ್ದೆ. ಹಿರಿಯರೊಬ್ಬರು ಮೀಟಿಂಗಿನಲ್ಲೇ ತಕರಾರು ತೆಗೆದರು. ಕ್ಯಾಥೊಲಿಕರ ಯಾತ್ರೆಗೆ ನಮ್ಮ ಪಾಸ್ಟರ್ ಯಾಕೆ ಹೋಗಬೇಕು? ಅಲ್ಲಿ ಹೂಳಿರುವುದು ಅಪೊಸ್ತಲ ಯಾಕೋಬನೋ ಸತ್ತ ನಾಯಿಯೋ ಯಾರಿಗೆ ಗೊತ್ತು ಎಂದು ನಮ್ಮ ಪ್ರೊಟೆಸ್ಟಂಟ್ ಪಂಥಕ್ಕೆ ನಾಂದಿ ಹಾಡಿದ ಲೂಥರ್ ಅವರೇ ಗೇಲಿ ಮಾಡಿದ್ದರಲ್ಲ? ಮಾತು ನಿಜವೇ. ನನಗೆ ಉತ್ತರ ಹೊಳೆಯಲಿಲ್ಲ. ಮರುದಿನ ಟಿಕೆಟ್ಟಿಗೆಂದು ಮೊದಲ ಲಕೋಟೆ ತಂದುಕೊಟ್ಟವರೂ ಅವರೇ! ನಾನಿಲ್ಲದ ಭಾನುವಾರಗಳಲ್ಲಿ ಪ್ರಸಂಗ ಮಾಡಿದ ಇಬ್ಬರು ಯುವಕರಿಗೂ ವಂದನೆ. ನನಗಿಂತ ಚುಟುಕಾಗಿ ಮುಗಿಸುತ್ತಿದ್ದರಂತೆ. ಹಲವರು ಖುಷಿಯಿಂದಲೇ ಹೇಳಿದ್ದಾರೆ.

ಎದುರು ಮನೆಯ ಅವ್ವನಿಗೆ ವಂದನೆಯ ಜೊತೆ ಒಂದು ತಪ್ಪೊಪ್ಪಿಗೆಯೂ ಇದೆ. ಯುಗಾದಿಗೆ ಮುಂಚೆ ಎಷ್ಟೋ ಸಲ ಶ್ರೀಶೈಲಕ್ಕೆ ನಡೆದು ಹೋಗಿಬಂದವರು ಅವರು. “ಹೊಸಾ ಬೂಟು ಹಾಕ್ಕೊಂಡು ಅಷ್ಟು ದೂರ ನಡೀಬಾರ್ದ್ರಿ ಪಾಸ್ಟರ್ರ” ಎಂದು ಮೂರು ಸಲ ಹೇಳಿದ್ದರು. ನಾನು ಹೊಸದೇ ಹಾಕಿಕೊಂಡು ಹೋದೆ. ಲೊಗ್ರೊನ್ಯೊ ಊರು ಮುಟ್ಟುವಷ್ಟರಲ್ಲಿ ಎರಡೂ ಹಿಮ್ಮಡಿಯಲ್ಲಿ ಬೊಬ್ಬೆ. ಕೊರಿಯಾದ ತಾಯಿಯೊಬ್ಬರು ಯಾತ್ರಿಕರ ತಂಗುದಾಣದ ಮೆಟ್ಟಿಲ ಮೇಲೆ ನನ್ನ ಪಾದವನ್ನು ತಮ್ಮ ತೊಡೆಯ ಮೇಲೆ ಇಟ್ಟುಕೊಂಡು, ಸೂಜಿ ದಾರ ಪೋಣಿಸಿ ನೀರು ತೆಗೆದರು. ನಾನು ನಾಚಿಕೆಯಿಂದ ಕಾಲು ಎಳೆದುಕೊಂಡೆ. ಅವರು ಗದರಿದರು. ಕೊರಿಯನ್ ಭಾಷೆ ನನಗೆ ಬರುವುದಿಲ್ಲ. ಆದರೂ ಗದರಿದ್ದು ಪೂರ್ತಿ ಅರ್ಥವಾಯಿತು.

ದಾರಿಯುದ್ದಕ್ಕೂ ಕಲ್ಲು, ಗೋಡೆ, ಮರದ ಮೇಲೆಲ್ಲ ಹಳದಿ ಬಾಣದ ಗುರುತುಗಳಿವೆ. ಅವು ಇಲ್ಲದಿದ್ದರೆ ನಾನು ಎರಡನೇ ದಿನವೇ ದಾರಿ ತಪ್ಪುತ್ತಿದ್ದೆ. 1984ರಲ್ಲಿ ಇದನ್ನು ಶುರು ಮಾಡಿದವರು ಓ ಸೆಬ್ರೇರೊ ಎಂಬ ಬೆಟ್ಟದ ಹಳ್ಳಿಯ ಪಾದ್ರಿ ಎಲಿಯಾಸ್ ವಾಲಿನ್ಯಾ. ಕಾರಿನಲ್ಲಿ ಹಳದಿ ಬಣ್ಣ ಇಟ್ಟುಕೊಂಡು ದಾರಿ ಗುರುತು ಮಾಡುತ್ತಾ ಹೊರಟರು. ತೀರಿಕೊಂಡದ್ದು 1989ರಲ್ಲಿ. ಆ ಹಳ್ಳಿಯಲ್ಲಿ ಅವರ ಪ್ರತಿಮೆ ಇದೆ. ಅದರ ಮುಂದೆ ಸುಮ್ನೆ ಸ್ವಲ್ಪ ಹೊತ್ತು ಕೂತಿದ್ದೆ.

ಇನ್ನು ಕರಿಯೊನ್ ಎಂಬ ಊರಿನ ಸಂಜೆಯ ವಿಷಯ. ಅದನ್ನು ಹೇಳಲೆಂದೇ ಇದನ್ನೆಲ್ಲ ಬರೆಯುತ್ತಿದ್ದೇನೆ. ಬುರ್ಗೋಸ್ ನಗರ ದಾಟಿದ ಮೇಲೆ ಮೆಸೆಟಾ ಎಂಬ ಬಯಲುಸೀಮೆ. ನವಲಗುಂದದ ಕಡೆಯ ಹೊಲಗಳ ಹಾಗೆ ಕಣ್ಣು ಹಾಯಿಸಿದಷ್ಟೂ ಬಯಲು, ನೆರಳಿಲ್ಲ. ಕೊಯ್ದ ಗೋಧಿಯ ಕೂಳೆ, ತಲೆ ಬಗ್ಗಿಸಿ ಒಣಗಿದ ಸೂರ್ಯಕಾಂತಿ. ಐದಾರು ದಿನ ಅದೇ. ಮನಸ್ಸು ಪೂರ್ತಿ ಒಣಗಿತ್ತು. ಪ್ರಾರ್ಥನೆಯೂ ಬರುತ್ತಿರಲಿಲ್ಲ. ಪಾಸ್ಟರ್ ಇದನ್ನು ಬರೆಯಬಾರದೇನೋ, ಇರಲಿ.

ಕರಿಯೊನ್‌ನ ಗುಡಿಯಲ್ಲಿ ಸಂಜೆ ಪೂಜೆಗೆ ಹೋಗಿ ಕೊನೆಯ ಬೆಂಚಿನಲ್ಲಿ ಕೂತೆ. ನಾನು ಕ್ಯಾಥೊಲಿಕ್ ಅಲ್ಲ, ಪ್ರಭುಭೋಜನದ ರೊಟ್ಟಿ ತೆಗೆದುಕೊಳ್ಳಲು ಎದ್ದು ಹೋಗುವ ಹಾಗಿರಲಿಲ್ಲ. ಪೂಜೆ ಮುಗಿದ ಮೇಲೆ ಯಾತ್ರಿಕರನ್ನೆಲ್ಲ ಮುಂದಕ್ಕೆ ಕರೆದರು. ಹೋದೆ. ಆ ಪಾದ್ರಿ ಒಬ್ಬೊಬ್ಬರ ತಲೆಯ ಮೇಲೂ ಕೈ ಇಟ್ಟು ಆಶೀರ್ವದಿಸಿದರು. ನನ್ನ ಸರದಿ ಬಂತು. 25 ವರ್ಷ ಪ್ರತಿ ಭಾನುವಾರ ನಾನೇ ಕೈ ಎತ್ತಿ ಆಶೀರ್ವಾದ ಹೇಳಿ ಕಳಿಸಿದ್ದೇನೆ. ನನ್ನ ತಲೆಯ ಮೇಲೆ ಇನ್ನೊಬ್ಬರ ಕೈ ಬಿದ್ದು ಎಷ್ಟು ವರ್ಷವಾಗಿತ್ತೋ, ನೆನಪಾಗಲಿಲ್ಲ. ಅವರು ಹೇಳಿದ್ದು ಒಂದಕ್ಷರವೂ ತಿಳಿಯಲಿಲ್ಲ. ಕೈ ಬೆಚ್ಚಗಿತ್ತು. ನಾನು ಅತ್ತೆ. ಪಕ್ಕದಲ್ಲಿದ್ದ ಸನ್ಯಾಸಿನಿ ಬಣ್ಣದ ಕಾಗದದಲ್ಲಿ ಮಾಡಿದ ಪುಟ್ಟ ನಕ್ಷತ್ರವೊಂದನ್ನು ನನ್ನ ಅಂಗೈಯಲ್ಲಿಟ್ಟರು.

ಮರುದಿನದ ದಾರಿಯಲ್ಲಿ 17 ಕಿಲೋಮೀಟರ್ ಒಂದು ಊರೂ ಇಲ್ಲ. ನೀರು ಹೊತ್ತುಕೊಂಡೇ ಹೋಗಬೇಕು. ಆ ದಿನ ಮೊಣಕಾಲು ನೋವಿನ ನಡುವೆಯೂ ಹಾಡಿಕೊಂಡೇ ನಡೆದೆ. ಕೇಳುವವರು ಯಾರೂ ಇರಲಿಲ್ಲ, ಅವರ ಪುಣ್ಯ.

ಸಾಂಟಿಯಾಗೊ ಬಗ್ಗೆ ಜಾಸ್ತಿ ಬರೆಯುವುದಿಲ್ಲ. ದೊಡ್ಡ ಕೆಥೆಡ್ರಲ್, ದೊಡ್ಡ ಸಾಲು. ಲ್ಯಾಟಿನ್‌ನಲ್ಲಿ ನನ್ನ ಹೆಸರು ಬರೆದು ಪ್ರಮಾಣಪತ್ರ ಕೊಟ್ಟರು. ತೂಗಾಡುವ ದೊಡ್ಡ ಧೂಪದಾನಿಯನ್ನು ಅಂದು ತೂಗಲಿಲ್ಲ. ಚೌಕದ ಕಲ್ಲಿನ ಮೇಲೆ ಕೂತು ಮನೆಗೆ ಫೋನ್ ಮಾಡಿದೆ. “ಊಟ ಆಯ್ತಾ?” ಎಂದಳು ನನ್ನವಳು. 36 ದಿನ ಮನೆ, ಮಗಳ ಪರೀಕ್ಷೆ, ನನ್ನ ತಾಯಿಯ ಔಷಧಿ ಎಲ್ಲ ಒಬ್ಬಳೇ ನೋಡಿಕೊಂಡು, ಒಂದು ಸಲವೂ ಬೇಗ ಬನ್ನಿ ಅನ್ನಲಿಲ್ಲ. ಅವಳಿಗೆ ಏನಂತ ವಂದನೆ ಹೇಳಲಿ?

ಈ ಭಾನುವಾರ ಆರಾಧನೆಗೆ ಬರುತ್ತೇನೆ. ನಿಲ್ಲಲು ಆಗುವುದಿಲ್ಲ, ಕುರ್ಚಿಯಲ್ಲಿ ಕೂತೇ ಪ್ರಸಂಗ. ಆಮೇಲೆ ಸಭೆಯ ಹಿರಿಯ ಅಜ್ಜಿಯನ್ನು ಒಂದು ಕೇಳಿಕೊಳ್ಳುವುದಿದೆ: ಅಂದು ಕೊನೆಯ ಆಶೀರ್ವಾದವನ್ನು ಅವರೇ ಹೇಳಬೇಕು. ಮಂಡಿಯೂರಲು ಆಗದು, ತಲೆಯನ್ನಂತೂ ಬಗ್ಗಿಸುತ್ತೇನೆ.