ಗೋಪಾಲಗೌಡರ ಭಾಷಣ ಮಕ್ಕಳ ಕೈಗೆ ಸಿಗಲಿ

ಮಾನ್ಯ ಸಂಪಾದಕರೇ,

ಶಾಸಕರು ಹೇಗಿರಬೇಕು ಅಂತ ಮಕ್ಕಳು ಕೇಳಿದರೆ ನಾನು ಶಾಂತವೇರಿ ಗೋಪಾಲಗೌಡರ ಹೆಸರು ಹೇಳುತ್ತೇನೆ. 1951ರ ಕಾಗೋಡು ಸತ್ಯಾಗ್ರಹದಲ್ಲಿ ಅವರು ಗೇಣಿದಾರರ ಜೊತೆ ನಿಂತರು. ಗೇಣಿ ಭತ್ತ ಅಳೆಯುವ ಕೊಳಗದ್ದೇ ಅಲ್ಲಿ ಜಗಳ. ಜಮೀನಿನ ಒಡೆಯರ ಕೊಳಗ ದೊಡ್ಡದು, ಉತ್ತವನ ಪಾಲಿನ ಭತ್ತ ಅದರಲ್ಲೇ ಕರಗುತ್ತಿತ್ತು. ಮರುವರ್ಷ ವಿಧಾನಸಭೆಗೆ ಗೆದ್ದಾಗ ಗೌಡರಿಗಿನ್ನೂ 30 ತುಂಬಿರಲಿಲ್ಲ. 1962 ಮತ್ತು 1967ರಲ್ಲಿ ತೀರ್ಥಹಳ್ಳಿ ಅವರನ್ನು ಆರಿಸಿತು. ‘ಒಂದು ಓಟು, ಒಂದು ನೋಟು’ ಎಂದು ಜನರ ಹತ್ತಿರವೇ ಕೇಳಿ ಚುನಾವಣೆ ಮಾಡಿದವರು! ಈಗ ಇದನ್ನು ನಂಬೋದೇ ಕಷ್ಟ, ಅಲ್ವಾ? ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬೇಕೆಂದು ಸದನದಲ್ಲಿ ವಾದಿಸಿದರು. 1972ರ ಜೂನ್‌ನಲ್ಲಿ ತೀರಿಕೊಂಡರು. ಆ ಹೆಸರು ಬಂದದ್ದು ಮರುವರ್ಷ. ಅವರ ಸದನದ ಭಾಷಣಗಳನ್ನು ಸರ್ಕಾರ ಕಡಿಮೆ ಬೆಲೆಗೆ ಅಚ್ಚು ಹಾಕಿಸಿ ಪ್ರತಿ ಪಿಯು ಕಾಲೇಜಿಗೂ ಕಳಿಸಲಿ.

— ಓರ್ವ ಓದುಗ, ಶಿವಮೊಗ್ಗ